ಮುನಿರಾಜಣ್ಣನ ಪಕ್ಕದ ಸೀಟು

ನಾಟಕದ ಟಿಕೆಟ್ಟಿನ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಚ್ಚಾಗಿರುವ ನಿಯಮಾವಳಿಯನ್ನು ಆದ್ಯಂತವಾಗಿ ಓದುವ ಪ್ರೇಕ್ಷಕ ಈ ಊರಿನಲ್ಲಿ ನಾನೊಬ್ಬನೇ ಇರಬೇಕೆಂಬುದು ನನ್ನ ಬಹುದಿನದ ಗುಮಾನಿ. ಈಗಂತೂ ಟಿಕೆಟ್ಟು ಫೋನಿನೊಳಗೇ ಬಂದು ಕೂರುವುದರಿಂದ ಆ ಅಕ್ಷರಗಳನ್ನು ಎರಡು ಬೆರಳಿನಿಂದ ಹಿಗ್ಗಿಸಿಕೊಂಡು, ಕನ್ನಡಕವನ್ನು ಹಣೆಗೇರಿಸಿಕೊಂಡು, ಆಟೋದ ಕುಲುಕಾಟದಲ್ಲಿಯೂ ಪಾರಾಯಣ ಮಾಡುತ್ತೇನೆ. ಮೂರನೆಯ ಗಂಟೆ ಬಾರಿಸಿದ ಮೇಲೆ ಪ್ರವೇಶವಿಲ್ಲ, ಒಳಗೆ ತಿಂಡಿತೀರ್ಥ ಕೂಡದು, ಫೋನುಗಳು ಮೌನವ್ರತ ಹಿಡಿಯಬೇಕು, ಫೋಟೋ ತೆಗೆಯಬಾರದು. ಜಯನಗರದ ಕಾಲೇಜೊಂದರಲ್ಲಿ ಬಹುಕಾಲ ಕಾವ್ಯಮೀಮಾಂಸೆ ಪಾಠ ಹೇಳಿದ ನನ್ನಂಥವನಿಗೆ ರಸಕ್ಕಿಂತ ಮೊದಲು ಶಾಸ್ತ್ರ ಕಣ್ಣಿಗೆ ಬೀಳುವುದು ಸಹಜವೇ ಅಲ್ಲವೇ? ನನ್ನ ಹೆಂಡತಿ ಇದನ್ನು ರೋಗವೆನ್ನುತ್ತಾಳೆ, ನಾನು ಸಂಸ್ಕಾರವೆನ್ನುತ್ತೇನೆ.

ಆ ಶನಿವಾರ ಸಂಜೆ ಆಟೋದಲ್ಲಿ ನನ್ನ ಪಕ್ಕ ಕುಳಿತಿದ್ದವರು ನಮ್ಮ ಮನೆಯ ಮಾಲೀಕರಾದ ಮುನಿರಾಜಣ್ಣ. ಕೋಣನಕುಂಟೆ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ ಅವರದು. ಈಗ ಆ ಹೊಲದಲ್ಲಿ ಬಾಡಿಗೆ ಮನೆಗಳು ಎದ್ದಿವೆ, ಅವುಗಳಲ್ಲೊಂದರ ಮಹಡಿಯಲ್ಲಿ ನಾವಿದ್ದೇವೆ. ಅವರ ಒಬ್ಬಳೇ ಮಗಳು ನಂದಿನಿ ಹಗಲಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಸಂಜೆ ಹಾಡುತ್ತಾಳೆ. ನಾಲ್ಕು ಜನ ಮೆಚ್ಚುವ ಕಂಠ. ಕೆಲವು ತಿಂಗಳಿಂದ ನಮ್ಮ ತಲೆಯ ಮೇಲಿನ ತಾರಸಿಯಲ್ಲಿ ಆಕೆ ನೀರಿನ ಟ್ಯಾಂಕಿಗೆ ಪ್ರೇಮನಿವೇದನೆ ಮಾಡುವುದನ್ನು ಕೇಳಿ ಕೇಳಿ, ಆ ಟ್ಯಾಂಕಿನ ಬಗ್ಗೆ ನನಗೆ ಸಣ್ಣ ಹೊಟ್ಟೆಕಿಚ್ಚೇ ಹುಟ್ಟಿತ್ತು. ಜೆ.ಪಿ. ನಗರದ ರಂಗಮಂದಿರದಲ್ಲಿ ನಡೆಯುತ್ತಿದ್ದ ಭಾರೀ ಸಂಗೀತ ನಾಟಕವೊಂದಕ್ಕೆ ಅವಳೇ ನಾಯಕಿ, ಅವಳೇ ರಾಜಕುಮಾರಿ.

ಹಿಂದಿನ ದಿನ ನಂದಿನಿ ಮಹಡಿ ಹತ್ತಿ ಬಂದು ನನ್ನೊಡನೆ ಗುಟ್ಟಿನಲ್ಲಿ ಮಾತಾಡಿದ್ದಳು.

"ಸಾರ್, ಒಂದ್ ಹೆಲ್ಪ್ ಆಗ್ಬೇಕು. ನಾಳೆ ಅಪ್ಪನ್ ಪಕ್ಕ ನೀವೇ ಕೂತ್ಕೊಬೇಕು. ಅಮ್ಮ ಮೊದಲನೇ ದಿನಾನೇ ಬಂದು ನೋಡ್ಕೊಂಡು ಸುಮ್ನೆ ಹೋದ್ರು. ಅಪ್ಪ ಹಂಗಲ್ಲ. ಹಾರ ಹಿಡ್ಕೊಂಡು ಸ್ಟೇಜ್ ಹತ್ಬಿಡ್ತಾರೆ. ನಮ್ ಡೈರೆಕ್ಟರ್ ಸಖತ್ ಸ್ಟ್ರಿಕ್ಟು. ಮಧ್ಯದಲ್ಲಿ ಯಾರಾದ್ರೂ ಬಂದು ಆಟ ಕೆಡಿಸಿದ್ರೆ ಮೈಸೂರು, ಧಾರವಾಡದ ಷೋಗೆಲ್ಲ ನನ್ನ ಬದ್ಲು ಬೇರೆಯವ್ರನ್ನ ಕರ್ಕೊಂಡ್ ಹೋಗ್ತಾರೆ. ಅಪ್ಪಂಗೆ ನಾನೂ ಹೇಳಿದೀನಿ. ಆದ್ರೂ ನೀವು ಹಿಡ್ಕೊಂಡಿರಿ."

ಅವಳ ಭಯ ನಿರಾಧಾರವಾದದ್ದಲ್ಲ. ಈ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕವಾಡುವಾಗ ಪಾತ್ರಧಾರಿಯ ನೆಂಟರಿಷ್ಟರು ಆಟದ ನಡುವೆಯೇ ರಂಗವೇರಿ ಅವನಿಗೆ ಹಾರ ಹಾಕುವುದು ಪದ್ಧತಿ. ಗದೆಯೆತ್ತಿ ಅಬ್ಬರಿಸುತ್ತಿದ್ದ ರಾಜ ಥಟ್ಟನೆ ಗದೆಯಿಳಿಸಿ ಕತ್ತು ಬಗ್ಗಿಸುತ್ತಾನೆ. ಹಾರ್ಮೋನಿಯಂ ಮೇಷ್ಟ್ರು ಒಂದೇ ಸ್ವರವನ್ನು ಎಳೆಯುತ್ತ ಕಾಯುತ್ತಾರೆ. ಚಿಕ್ಕಪ್ಪ, ಭಾವ, ಸೋದರಮಾವ ಸಾಲಾಗಿ ಬಂದು ಮೂಗಿನವರೆಗೆ ಹೂವೇರಿಸಿ ಇಳಿದ ಮೇಲೆ ರಾಜನ ಕೋಪ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಶಾಸ್ತ್ರಜ್ಞನಾದ ನಾನು ಇದನ್ನು ರಸಭಂಗವೆಂದು ತರಗತಿಯಲ್ಲಿ ಎಷ್ಟೋ ಸಲ ಆಡಿಕೊಂಡಿದ್ದೇನೆ. ಆದ್ದರಿಂದ ನಂದಿನಿ ಕೇಳಿದ ಕೂಡಲೇ ಎದೆಯುಬ್ಬಿಸಿ ಒಪ್ಪಿಕೊಂಡೆ.

ಆಟೋ ಸಿಗ್ನಲ್ಲಿನಲ್ಲಿ ನಿಂತಾಗ ಮುನಿರಾಜಣ್ಣ ಮೊಣಕಾಲ ಮೇಲಿದ್ದ ಬಟ್ಟೆ ಚೀಲವನ್ನು ಸರಿಪಡಿಸಿಕೊಂಡು ಮಾತು ತೆಗೆದರು.

"ನಾನೂ ಒಂದ್ಸಲ ರಾಜನ್ ಪಾರ್ಟ್ ಮಾಡಿದ್ದೆ ಮೇಷ್ಟ್ರೇ. ಹೊಲಕ್ಕೆ ನೀರು ಕಟ್ಟೋದು ಬಿಟ್ಟು ಪ್ರಾಕ್ಟೀಸ್‌ಗೆ ಹೋಯ್ತೀನಿ ಅಂತ ನಮ್ಮಪ್ಪಂಗೆ ಕ್ವಾಪ. ಆಟದ ದಿನ ಬಂದು ಮುಂದ್ಗಡೆನೇ ಕೂತಿದ್ರು. ಮಂತ್ರಿಗೆ ಹಾರ ಬಿತ್ತು, ಸೇನಾಪತಿಗೆ ಬಿತ್ತು, ಬಾಗ್ಲು ಕಾಯೋನಿಗೂ ಬಿತ್ತು. ನಾನು ನಮ್ಮಪ್ಪನ್ನೇ ನೋಡ್ಕೊಂಡು ಡೈಲಾಗ್ ಹೇಳ್ದೆ. ಏಳ್ಲೇ ಇಲ್ಲ ಅವ್ರು. ರಾಜ ನಾನು, ನನ್ ಕತ್ತು ಮಾತ್ರ ಖಾಲಿ."

ಅನಂತರ ಅವರು ಮತ್ತೆ ಪಾರ್ಟು ಮಾಡಲಿಲ್ಲವಂತೆ. ಮಾತು ಬದಲಿಸಲು ಚೀಲದಲ್ಲಿ ಏನಿದೆಯೆಂದು ಕೇಳಿದೆ. ನೀರಿನ ಬಾಟ್ಲು ಎಂದರು.

ಇನ್ನು ಆ ನಾಟಕದ ವೈಭವವನ್ನು ಹೇಗೆ ಬಣ್ಣಿಸಲಿ? ಹಾಡು ಕುಣಿತಗಳ ಅದ್ದೂರಿ ಪ್ರೇಮಕಥೆಗಳೆಂದರೆ ಮೂಗೆಳೆಯುವುದು ನನ್ನಂಥ ಪಂಡಿತಮ್ಮನ್ಯರ ಕುಲಧರ್ಮ. ಹಾಗೆ ಎಳೆಯಲು ಸಜ್ಜಾಗಿಯೇ ಹೋಗಿದ್ದ ನನ್ನ ಮೂಗು ಮೊದಲ ಹಾಡಿಗೇ ಶರಣಾಯಿತು. ಕೋಟೆಯ ರಾಜಕುಮಾರಿಗೂ ಊರೂರು ಅಲೆಯುವ ಅತ್ತರಿನ ವ್ಯಾಪಾರಿಗೂ ನಡುವಿನ ಒಲವಿನ ಕಥೆ. ಹನ್ನೆರಡು ಹುಡುಗಿಯರು ನೀಲಿ ರೇಷ್ಮೆಯನ್ನು ಹಾಸಿ ಅಲುಗಿಸಿದರೆ ರಂಗದ ತುಂಬ ನದಿ. ಆ ನದಿಯ ಮೇಲೆ ದೀಪ ಹೊತ್ತ ದೋಣಿ. ದೋಣಿ ಮರೆಯಾಗುವಷ್ಟರಲ್ಲಿ ಹಿಂದಿನ ಗೋಡೆ ತಿರುಗಿ ಅಂತಃಪುರ. ಸಂಗೀತವೂ ಡಬ್ಬಿಯಿಂದ ಬಂದದ್ದಲ್ಲ, ವಾದ್ಯಗಾರರು ಕಣ್ಣೆದುರೇ ಕಮಾನಿನ ಮೇಲೆ ಕುಳಿತು ನುಡಿಸುತ್ತಿದ್ದರು. ನಂದಿನಿ ಜರಿಯ ಲಂಗದಲ್ಲಿ ಪ್ರವೇಶಿಸಿದಾಗ, ನಮ್ಮ ಮನೆಯ ಮುಂದೆ ಸ್ಕೂಟರ್ ಒರೆಸುವ ಹುಡುಗಿ ಇವಳೇ ಎಂಬುದನ್ನು ನಂಬಲು ನನಗೆ ತುಸು ಹೊತ್ತು ಹಿಡಿಯಿತು. ಇಷ್ಟು ಚೆಲುವನ್ನು ಒಂದೇ ಕಡೆ ಕಂಡು ಬಹಳ ವರ್ಷಗಳಾಗಿದ್ದವು.

ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಪರಿಮಳ. ಅತ್ತರಿನ ವ್ಯಾಪಾರಿ ತನ್ನ ಪೆಟ್ಟಿಗೆ ತೆರೆದ ಕೂಡಲೇ ಸುಗಂಧರಾಜ, ಗುಲಾಬಿ, ಮರುಗದ ಘಮ ತೇಲಿ ಬಂತು. ದೃಶ್ಯ ಶ್ರವ್ಯಗಳ ಜೊತೆಗೆ ಘ್ರಾಣಕ್ಕೂ ಔತಣವಿಟ್ಟ ನಿರ್ದೇಶಕನ ಪ್ರತಿಭೆಗೆ ಮನಸ್ಸಿನಲ್ಲೇ ತಲೆಬಾಗಿದೆ. ಪೆಟ್ಟಿಗೆ ಮುಚ್ಚಿದ ಮೇಲೂ, ವ್ಯಾಪಾರಿ ದೇಶಾಂತರ ಹೋದ ಮೇಲೂ ಘಮ ನಿಲ್ಲದೆ ಇದ್ದಾಗ ಸಂಶಯ ಬಂದು ಬಗ್ಗಿ ನೋಡಿದೆ. ಮುನಿರಾಜಣ್ಣನ ಕಾಲ ಬಳಿ ಚೀಲದ ಬಾಯಿ ತೆರೆದಿತ್ತು. ಒಳಗೆ ಬಾಳೆಲೆಯಲ್ಲಿ ಸುತ್ತಿದ, ನನ್ನ ತೋಳಿನಷ್ಟು ದಪ್ಪದ ಹಾರ.

ಅಷ್ಟರಲ್ಲಿ ಉಯ್ಯಾಲೆಯ ಹಾಡು ಆರಂಭವಾಗಿತ್ತು. ಮಾಡಿನಿಂದ ಹೂಬಳ್ಳಿ ಸುತ್ತಿದ ಉಯ್ಯಾಲೆಯೊಂದು ಇಳಿದು ಬಂದು, ಅದರ ಮೇಲೆ ನಂದಿನಿ ತೂಗುತ್ತ, ಬಾರದ ಪ್ರಿಯನನ್ನು ನೆನೆದು ಹಾಡುತ್ತಿದ್ದಳು. ಹಾಡು ಮುಗಿದು ಪಿಟೀಲು ಒಂದೇ ಉಳಿಯಿತು. ಅವಳು ಉಯ್ಯಾಲೆಯಿಂದ ಇಳಿದಳು. ಮುನಿರಾಜಣ್ಣ ಎದ್ದರು. ನಾವಿದ್ದದ್ದು ಎರಡನೆಯ ಸಾಲಿನ ಅಂಚಿನಲ್ಲಿ. ಆ ರಂಗಮಂದಿರದಲ್ಲಿ ವೇದಿಕೆಯೆಂದರೆ ನೆಲದಿಂದ ಒಂದು ಮೆಟ್ಟಿಲಷ್ಟೇ. ನಾಲ್ಕು ಹೆಜ್ಜೆ ಹಾಕಿದ್ದರೆ ಮುಗಿದಿತ್ತು. ನಾನು ಅವರ ಅಂಗಿಯ ತುದಿಯನ್ನು ಬಲವಾಗಿ ಹಿಡಿದುಕೊಂಡೆ.

"ಬಿಡಿ ಮೇಷ್ಟ್ರೇ," ಎಂದರು ಪಿಸುಮಾತಿನಲ್ಲಿ.

"ಬೇಡಿ ಮುನಿರಾಜಣ್ಣ. ಅವಳ ಪಾರ್ಟು ಹೋಗುತ್ತೆ."

ಅವರು ಹಾಗೆಯೇ ಅರ್ಧ ಬಾಗಿ ನಿಂತಿದ್ದರು. ನಂದಿನಿ ರಂಗದ ತುದಿಯವರೆಗೆ ಬಂದು, ಕತ್ತು ತುಸು ಬಗ್ಗಿಸಿ, ಕಣ್ಣು ಕೆಳಗಿಟ್ಟು ನಿಂತಳು. ಪಿಟೀಲು ಅದೇ ಸುತ್ತನ್ನು ಮತ್ತೊಮ್ಮೆ ನುಡಿಸಿತು. ಅಭಿನಯವೆಂದರೆ ಇದು ಎನಿಸಿತು ನನಗೆ. ಒಂದು ಮಾತಿಲ್ಲ, ಒಂದು ಮುದ್ರೆಯಿಲ್ಲ, ಬರೀ ಕಾಯುವಿಕೆ. "ನೋಡಿ, ವಿರಹೋತ್ಕಂಠಿತೆ ನಾಯಿಕೆ ಅಂದ್ರೆ ಹೀಗಿರಬೇಕು," ಎಂದು ಮುನಿರಾಜಣ್ಣನಿಗೆ ಮೆಲ್ಲಗೆ ವಿವರಿಸಿದೆ ಕೂಡ. ಅವಳು ತಲೆಯೆತ್ತಿ ಹಿಂದಕ್ಕೆ ಸರಿದಳು. ಇವರು ಕುಳಿತರು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು.

ಮಿಕ್ಕ ನಾಟಕವೂ ಸೊಗಸಾಗಿಯೇ ಇತ್ತು. ಪ್ರೇಮಿಗಳು ಸೇರಿದರು, ದೀಪಗಳು ಮಳೆಯಂತೆ ಇಳಿದವು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆದರೆ ಪಕ್ಕದಲ್ಲಿ ಒಬ್ಬರು ಚೀಲ ಅಪ್ಪಿಕೊಂಡು ಸುಮ್ಮನೆ ಕುಳಿತಿದ್ದಾಗ ನಮ್ಮ ಚಪ್ಪಾಳೆ ನಮ್ಮ ಕಿವಿಗೇ ಕೆಟ್ಟದಾಗಿ ಕೇಳುತ್ತದೆ. ಕೊಟ್ಟ ಮಾತು ಉಳಿಸಿಕೊಂಡೆನಲ್ಲ ಎಂದು ಎಷ್ಟು ಹೇಳಿಕೊಂಡರೂ ಮನಸ್ಸು ಕಹಿಯಾಗಿತ್ತು.

ಹೊರಗೆ ಜನ ಕಾಫಿ ಹಿಡಿದು ನಾಟಕದ ಗುಣಗಾನ ಮಾಡುತ್ತಿದ್ದರು. ನಂದಿನಿ ಅರ್ಧ ಅಳಿಸಿದ ಬಣ್ಣದಲ್ಲಿ ನೇರವಾಗಿ ನಮ್ಮ ಬಳಿಗೆ ಬಂದಳು. ಅವಳ ಕಣ್ಣು ಮೊದಲು ಹೋದದ್ದು ಚೀಲದ ಕಡೆಗೆ.

"ತಂದಿದ್ಯಾ ಅಪ್ಪ?"

"ಹೂಂ."

"ಮತ್ತೆ ಯಾಕ್ ಬರ್ಲಿಲ್ಲ?"

ಮುನಿರಾಜಣ್ಣ ಚಪ್ಪಲಿ ನೋಡಿಕೊಂಡರು. "ನೀನೇ ಬ್ಯಾಡ ಅಂದಿದ್ಯಲ್ಲವ್ವ."

"ಅಂದಿದ್ದೆ. ಉಯ್ಯಾಲೆ ಇಳೀವಾಗ ನೀನು ಎದ್ದಿದ್ದು ಕಾಣಿಸ್ತು. ಆಗ ಏನಾದ್ರೂ ಆಗ್ಲಿ ಅನ್ನಿಸ್ಬಿಡ್ತು. ಬರ್ತೀಯ ಅಂತ ಮುಂದೆ ಬಂದು ಕತ್ತು ಬಗ್ಗಿಸ್ಕೊಂಡು ನಿಂತೆ. ಬೇರೆ ದಿನ ನಾನು ಅಲ್ಲಿಗೆ ಬರೋದೇ ಇಲ್ಲ. ಪಿಟೀಲಿನವರು ಪಾಪ, ನಾನು ಜಾಗ ಬಿಟ್ಟು ಕದಲ್ಲಿಲ್ಲ ಅಂತ ಇನ್ನೊಂದ್ ಸುತ್ತು ಬಾರಿಸಿದ್ರು. ನೀನು ನಿಂತ್ಕೊಂಡೇ ಇದ್ದೆ."

"ಕಾಲು ಜೋಮು ಹಿಡ್ದಿತ್ತು," ಎಂದರು ಮುನಿರಾಜಣ್ಣ.

ನನ್ನ ಮಾನ ಉಳಿಸಲು ಆಡಿದ ಆ ಸುಳ್ಳನ್ನು ಕೇಳಿ ನನಗೆ ನಿಂತಲ್ಲೇ ಭೂಮಿಗಿಳಿದು ಹೋಗುವಂತಾಯಿತು. ನಾಯಿಕಾಭೇದಗಳನ್ನೆಲ್ಲ ಬಾಯಿಪಾಠ ಮಾಡಿಸಿದ ನನಗೆ, ಎದುರಿಗೆ ನಿಂತಿದ್ದವಳು ಅಪ್ಪನಿಗಾಗಿ ಕಾಯುತ್ತಿರುವ ಮಗಳು ಎಂಬುದು ಕಾಣಲಿಲ್ಲ.

"ಜೋಮಲ್ಲ ನಂದಿನಿ. ನಾನು ಅಂಗಿ ಹಿಡ್ಕೊಂಡಿದ್ದೆ," ಎಂದೆ.

ಅವಳು ನಕ್ಕಳೋ, ಕಣ್ಣೊರೆಸಿಕೊಂಡಳೋ, ಉಳಿದಿದ್ದ ಕಾಡಿಗೆಯಿಂದ ತಿಳಿಯಲಿಲ್ಲ. ಮುನಿರಾಜಣ್ಣ ಬಾಳೆಲೆ ಬಿಚ್ಚಿ ಹಾರವನ್ನು ಎರಡೂ ಕೈಯಲ್ಲಿ ಎತ್ತಿದರು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಇಲ್ಲಿ ಬೇಡ ಅಪ್ಪ. ಕಾಫಿ ಕುಡಿಯೋ ಜಾಗದಲ್ಲಿ ಹಾಕಿದ್ರೆ ಅದೆಂಥ ಹಾರ? ನಾಳೆನೂ ಷೋ ಇದೆ. ಅದೇ ಹಾಡು, ಅದೇ ಜಾಗ. ಡೈರೆಕ್ಟರ್‌ಗೆ ಮೊದ್ಲೇ ಹೇಳ್ತೀನಿ. ಒಪ್ಪಿದ್ರೆ ಸರಿ, ಒಪ್ಲಿಲ್ಲ ಅಂದ್ರೂ ನೀನು ಬಾ."

"ಪಾರ್ಟು ಹೋದ್ರೆ?"

"ಹೋದ್ರೆ ಹೋಗ್ಲಿ. ಕತ್ತು ಖಾಲಿ ಇಟ್ಕೊಂಡು ಧಾರವಾಡಕ್ಕೆ ಹೋಗಿ ಏನ್ ಮಾಡ್ಲಿ?"

ಮುನಿರಾಜಣ್ಣ ಹಾರವನ್ನು ಮತ್ತೆ ಬಾಳೆಲೆಯಲ್ಲಿ ಸುತ್ತಿದರು. ಆಮೇಲೆ, "ಈ ಹೂವ ನಾಳೆ ಹೊತ್ಗೆ ಬಾಡೋಗುತ್ತೆ ಕಣವ್ವ," ಎಂದರು.

"ಹೊಸದು ತಗೊಂಡ್ ಬಾ," ಎಂದು ನಂದಿನಿ ನನ್ನ ಕಡೆ ತಿರುಗಿದಳು. "ಸಾರ್, ಬೇಜಾರ್ ಮಾಡ್ಕೊಬೇಡಿ. ನಾಳೆ ನೀವು ಬೇರೆ ಕಡೆ ಕೂತ್ಕೊಳ್ಳಿ."

ಆಗಲಿ ಎಂದೆ. ಅಲ್ಲೇ ನಿಂತು ಬಾಲ್ಕನಿಯ ಕೊನೆಯ ಸಾಲಿನಲ್ಲಿ, ಯಾರ ಅಂಗಿಯೂ ಕೈಗೆ ಸಿಗದಷ್ಟು ದೂರದಲ್ಲಿ, ಒಂದು ಸೀಟು ಕಾದಿರಿಸಿದೆ.