ಈಸ್ಟರ್ ನಸುಕಿನ ಕೆಂಧೂಳು

ಇಂದು ಈಸ್ಟರ್. ಸಂಡೂರಿನ ನಮ್ಮ ಚರ್ಚಿನ ಬಾಗಿಲಲ್ಲೇ, ನೀರು ಚಿಮುಕಿಸಿದ ಕೆಂಧೂಳಿನ ವಾಸನೆ ಬಂತು. ಚಿಕ್ಕಂದಿನಲ್ಲೂ ಇದೇ ವಾಸನೆ. ಅದಿರಿನ ಲಾರಿಗಳು ಎಬ್ಬಿಸಿದ ಧೂಳನ್ನು ಅವ್ವ ಮತ್ತು ಉಳಿದ ಹೆಂಗಸರು ನಸುಕಿನಲ್ಲೇ ಬಂದು ಗುಡಿಸುತ್ತಿದ್ದರು. ಆಮೇಲೆ ಗಂಡಸರು ಬಂದು, ಯೇಸುವಿನ ಬರಿದಾದ ಸಮಾಧಿಯನ್ನು ಮೊದಲು ಕಂಡವರು ಹೆಂಗಸರೆಂದು ಬೈಬಲಿನಿಂದ ಓದುತ್ತಿದ್ದರು.

“ಅವ್ವಾ, ಅದನ್ನ ನೀನ ಯಾಕ ಓದಂಗಿಲ್ಲ?”

“ಕರದಿದ್ರ ಓದ್ತಿದ್ನಿ. ಕಸಬರಿಗಿಗಾದ್ರ ಯಾರೂ ಕರಿಯೋದು ಬ್ಯಾಡ ನೋಡು. ಕಾಲೆತ್ತು.”

ಈ ವರ್ಷ ಅದನ್ನು ಓದಲು ನನ್ನನ್ನು ಕರೆದರು. ಗುಡಿಸಲು ಹೋದರೆ ಬಿಳಿ ಸೀರೆ ಕೆಂಪಾದೀತೆಂದು ನಾನು ಬೇಕೆಂದೇ ತಡವಾಗಿ ಬಂದೆ. ಅವ್ವ ಆಗಲೇ ಗುಡಿಸಿ ಮುಗಿಸಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅವಳು ಗುಡಿಸಿದ ನೆಲದ ಮೇಲೆ ನಿಂತು, ನಸುಕಿನಲ್ಲೇ ಬಂದ ಹೆಂಗಸರ ಬಗ್ಗೆ ಓದುವಾಗ, ಅವಳ ಕಡೆ ನೋಡಲಾಗಲಿಲ್ಲ.