ಅರ್ಧ ಇಂಚು ಗಿಡ್ಡವಾದ ಜಿಪ್ಪು

ಬೀದಿಯವರೆಲ್ಲ ಅವಳನ್ನು ಜಿಪ್ಪಕ್ಕ ಅಂತಲೇ ಕರೆಯುತ್ತಿದ್ದರು. ಹದಿನಾಲ್ಕು ವರ್ಷ ಬ್ಯಾಗ್ ರಿಪೇರಿ ಅಂಗಡಿಯಲ್ಲಿ ಕೂತು, ಕಿತ್ತುಹೋದ ಜಿಪ್ಪು ಬಿಚ್ಚಿ ಬೇರೆ ಹಾಕಿದವಳು. ಯಾವುದು ಎಷ್ಟು ದಿನ ಬಾಳುತ್ತದೆಂದು ಎಳೆದ ಸದ್ದಿನಲ್ಲೇ ಹೇಳುತ್ತಿದ್ದಳು. ಅಂಥವಳು ನಲವತ್ತೆರಡನೇ ವಯಸ್ಸಿನಲ್ಲಿ ಕಡಲಾಚೆಯ ಜಿಪ್ಪಿನ ಕಾರ್ಖಾನೆಯೊಂದಕ್ಕೆ ಪತ್ರ ಬರೆದು, ನಿಮ್ಮ ಸರಕು ತರಿಸಿ ಮಾರುವ ಏಜೆಂಟ್ ಆಗುತ್ತೇನೆ ಎಂದಳು. ಅವರು ಮಾದರಿಗಳನ್ನು ಕಳಿಸಿದರು, ಜೊತೆಗೊಂದು ಷರತ್ತನ್ನೂ. ಮೊದಲ ಆರ್ಡರನ್ನು ಗಿರಾಕಿ ವಾಪಸು ಮಾಡದಿದ್ದರೆ ಏಜೆನ್ಸಿ ನಿಮ್ಮದು, ಮಾಡಿದರೆ ಇಲ್ಲ.

ಮನೆಯಲ್ಲಿ ಪರೀಕ್ಷೆ ಶುರುವಾಯಿತು. ಒಂದೊಂದು ಮಾದರಿಯನ್ನೂ ಸಾವಿರ ಸಲ ತೆರೆದು ಮುಚ್ಚಬೇಕು. ಗಂಡ ಟಿವಿ ನೋಡುತ್ತಾ ಎಳೆದ, ಮಗಳು ಪಾಠ ಓದುತ್ತಾ ಎಳೆದಳು, ಅತ್ತೆ ಗೊಣಗುತ್ತಾ ಎಳೆದರು.

“ಇರೋ ಅಂಗಡಿ ಬಿಟ್ಟು ಇದ್ಯಾಕೆ ಬೇಕಿತ್ತಮ್ಮ ನಿಂಗೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ.”

“ಹಾಸಿಗೇನೇ ಬದಲಾಯಿಸ್ತೀನಿ ಅತ್ತೆ. ನಿಮ್ದು ಎಷ್ಟಾಯ್ತು?”

“ಆರುನೂರ ಹನ್ನೆರಡು. ಮಾತಾಡಿಸ್ಬೇಡ, ಎಣಿಕೆ ತಪ್ಪತ್ತೆ.”

ಸಾವಿರ ದಾಟಿಯೂ ಗಟ್ಟಿಯಾಗಿದ್ದ ಜಿಪ್ಪನ್ನು ಪಕ್ಕದ ಬೀದಿಯಲ್ಲಿ ಶಾಲಾ ಬ್ಯಾಗ್ ಹೊಲಿಸುವ ಯಜಮಾನರಿಗೆ ತೋರಿಸಿದಳು. ಐದು ಸಾವಿರ ಜಿಪ್ಪು ಬೇಕೆಂದರು. ಅವರ ಬ್ಯಾಗಿನ ಬಾಯಿ ಅಳೆದು, ಅಳತೆ ಬರೆದು ಕಳಿಸಿದಳು. ಎರಡು ತಿಂಗಳಿಗೆ ಪೆಟ್ಟಿಗೆಗಳು ಬಂದವು. ಮೊದಲ ಜಿಪ್ಪನ್ನು ಯಜಮಾನರ ಬ್ಯಾಗೊಂದರ ಮೇಲಿಟ್ಟು ನೋಡಿದಳು. ಅರ್ಧ ಇಂಚು ಗಿಡ್ಡ.

ಕಾರ್ಖಾನೆಯವರನ್ನು ಬೈಯುವ ಮೊದಲು ತನ್ನ ಟೇಪನ್ನು ಮಗಳ ಹೊಸ ಸ್ಕೇಲಿನ ಪಕ್ಕ ಹಿಡಿದಳು. ಹದಿನಾಲ್ಕು ವರ್ಷ ಎಳೆದೆಳೆದು ಬಟ್ಟೆಯ ಟೇಪು ಹಿಗ್ಗಿಹೋಗಿತ್ತು. ರಿಪೇರಿಯಲ್ಲಿ ಅದು ಗೊತ್ತಾಗುವುದಾದರೂ ಹೇಗೆ? ಬ್ಯಾಗನ್ನೂ ಅದರಲ್ಲೇ ಅಳೆದು, ಜಿಪ್ಪನ್ನೂ ಅದರಲ್ಲೇ ಅಳೆದು ಕತ್ತರಿಸುತ್ತಿದ್ದಳಲ್ಲ.

ತಪ್ಪೆಲ್ಲ ಅವರದು ಎಂದು ಕಡಲಾಚೆಗೆ ಬೆರಳು ತೋರಿಸಿದ್ದರೆ ಯಾರು ಬಂದು ಕೇಳುತ್ತಿದ್ದರು? ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಏಜೆಂಟರಿಗೇನು ಬರವಿಲ್ಲ. ಜಿಪ್ಪಕ್ಕ ಮಾತ್ರ ಅಷ್ಟೂ ಪೆಟ್ಟಿಗೆಗಳ ಜೊತೆ ಯಜಮಾನರ ಮುಂದೆ ಹೋಗಿ ನಿಂತಳು.

“ಅರ್ಧ ಇಂಚು ಕಮ್ಮಿ ಇದೆ ಸಾರ್. ತಪ್ಪು ನಂದು, ಕಾರ್ಖಾನೆಯವರದ್ದಲ್ಲ. ಅರ್ಧ ಗಂಟೆ ಒಂದು ಮಿಷನ್ ಕೊಡಿ. ಆಮೇಲೂ ಬೇಡ ಅಂದ್ರೆ ವಾಪಸು ತಗೊಂಡು ಹೋಗ್ತೀನಿ.”

ಯಜಮಾನರು ಮುಖ ಗಂಟಿಕ್ಕಿಕೊಂಡೇ ಮಿಷನ್ ತೋರಿಸಿದರು. ಅವಳು ಮಿಷನ್ ಮುಂದೆ ಕೂತಳು. ಕತ್ತರಿಸಿ ಬಿಸಾಡಿದ್ದ ದಪ್ಪ ಬಟ್ಟೆಯ ಚೂರುಗಳನ್ನು ಆರಿಸಿ, ಜಿಪ್ಪಿನ ಎರಡೂ ತುದಿಗೆ ಮಡಚಿ ಹೊಲಿದು, ಬ್ಯಾಗಿಗೆ ಕೂರಿಸಿದಳು. ಜಿಪ್ಪು ಮೊದಲು ಸೋಲುವುದು ತುದಿಯಲ್ಲೇ. ಅಲ್ಲಿ ಬಟ್ಟೆ ಬಿದ್ದರೆ ಎಳೆತವೆಲ್ಲ ಬಟ್ಟೆಗೆ, ಹಲ್ಲು ಸುರಕ್ಷಿತ. ಯಜಮಾನರು ಬ್ಯಾಗಿನ ಬಾಯಿ ತೆರೆದು, ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಟೈಲರ್ ಮಾಸ್ಟರನ್ನು ಕರೆದು ಅವನ ಕೈಯಲ್ಲೂ ಜಗ್ಗಿಸಿದರು. ತುದಿ ಜಪ್ಪಯ್ಯ ಅನ್ನಲಿಲ್ಲ.

“ಇಷ್ಟು ವರ್ಷ ಪಕ್ಕದ ಬೀದೀಲೇ ಇದ್ದು ಇದನ್ನ ಯಾಕಮ್ಮ ಹೇಳ್ಲಿಲ್ಲ?”

“ನಿಮ್ಮ ಬ್ಯಾಗ್ ಕಿತ್ತು ಹೋಗ್ತಿದ್ದಿದ್ದಕ್ಕೇ ಅಲ್ವಾ ಸಾರ್ ನನ್ನ ಅಂಗಡಿ ನಡೀತಿದ್ದಿದ್ದು?”

ಯಜಮಾನರು ನಕ್ಕೇ ನಕ್ಕರು. ಐದು ಸಾವಿರವನ್ನೂ ಇಳಿಸಿಕೊಂಡರು. ಮುಂದಿನ ಇಪ್ಪತ್ತು ಸಾವಿರಕ್ಕೆ ಆರ್ಡರ್ ಬರೆದುಕೊಡುತ್ತಾ, “ಇವೂ ಅರ್ಧ ಇಂಚು ಗಿಡ್ಡಾನೇ ಬರ್ಲಿ” ಎಂದರು.

ಒಂದು ಜಿಪ್ಪೂ ವಾಪಸಾಗಲಿಲ್ಲ. ಏಜೆನ್ಸಿ ಅವಳದಾಯಿತು. ಆರ್ಡರಿನ ಕಾಗದ ಹಿಡಿದು ಹೊರಟವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಖುಷಿಯಲ್ಲಿ ತನ್ನ ಮನೆಯನ್ನೇ ದಾಟಿ ನಾಲ್ಕು ಮನೆ ಮುಂದೆ ಹೋಗಿ, ಅತ್ತೆ ಬಾಗಿಲಲ್ಲಿ ನಿಂತು ಕೂಗಿದ ಮೇಲೆ ತಿರುಗಿ ಬಂದಳು.