ಅಲುಗದೆ ನಿಂತ ಗೋಲ್‌ಕೀಪರ್

ಬಂಟ್ವಾಳ ತಾಲೂಕಿನ ಒಂದು ಸರಕಾರಿ ಪ್ರೌಢಶಾಲೆಯಿಂದ ದೈಹಿಕ ಶಿಕ್ಷಣ ಶಿಕ್ಷಕನಾಗಿ ನಿವೃತ್ತನಾದ ಮರುವರ್ಷ ನನಗೆ ಒಂದು ಹೊಸ ಹುದ್ದೆ ಸಿಕ್ಕಿತು. ಸಂಬಳವಿಲ್ಲ, ಒಂದು ಪ್ಲಾಸ್ಟಿಕ್ ಕುರ್ಚಿ ಮಾತ್ರ. ಹುದ್ದೆಯ ಹೆಸರು ಮ್ಯಾಚ್ ಡೆಲಿಗೇಟ್. ಎರಡು ತಂಡಗಳ ನಡುವೆ ಮೇಜು ಹಾಕಿ ಕುಳಿತು ಪಂದ್ಯ ನಿಯಮದಂತೆ ನಡೆಯುತ್ತದೆಯೇ ಎಂದು ನೋಡುವುದು, ತಕರಾರು ಬಂದರೆ ವಿಚಾರಿಸಿ ವರದಿ ಬರೆಯುವುದು ಅವನ ಕೆಲಸ. ನಮ್ಮ ಕಡೆ ಇಂಥ ಹುದ್ದೆ ಇರಲಿಲ್ಲ. ಅದನ್ನು ತಂದವನೂ ನಾನೇ, ಅದರಲ್ಲಿ ಕುಳಿತವನೂ ನಾನೇ.

ಇದರ ಮೂಲ ಯುರೋಪಿನಲ್ಲಿದೆ. ಇಪ್ಪತ್ತು ವರ್ಷ ಹ್ಯಾಂಡ್‌ಬಾಲ್ ರೆಫರಿಯಾಗಿದ್ದ ನಾನು ನಿವೃತ್ತಿಯ ಮೊದಲ ವರ್ಷವನ್ನು ಅಲ್ಲಿನ ಮಹಿಳಾ ಕ್ಲಬ್‌ಗಳ ಸ್ಪರ್ಧೆಯನ್ನು ಮೊಬೈಲಿನಲ್ಲಿ ನೋಡಿಯೇ ಕಳೆದೆ. ಒಂದು ಇಡೀ ಸೀಸನ್, ಒಂದು ಪಂದ್ಯ ಬಿಡದೆ. ಮನೆಯ ಹೆಂಗಸು ಊಟ ಮಾಡಿದ್ದಾಳೋ ಇಲ್ಲವೋ ಗೊತ್ತಿಲ್ಲ, ಹಂಗೇರಿಯ ಹೆಂಗಸರ ಮಂಡಿನೋವು ಮಾತ್ರ ಗೊತ್ತುಂಟು ಎಂದು ನನ್ನ ಹೆಂಡತಿ ಸರೋಜಾ ಬಂದವರಿಗೆಲ್ಲ ಹೇಳುತ್ತಿದ್ದಳು. ಅವರ ಭಾಷೆಗಳು ನನಗೆ ತಿಳಿಯುವುದಿಲ್ಲ. ಹಾಗಾಗಿ ಧ್ವನಿ ಪೂರ್ತಿ ಬಂದ್ ಮಾಡಿ ಬರೀ ಆಟ ನೋಡುವುದು ನನ್ನ ಅಭ್ಯಾಸವಾಯಿತು.

ನನಗೆ ಹಿಡಿಸಿದ್ದು ಅವರ ಕ್ರಮ. ನಮ್ಮಲ್ಲಿ ಪಂದ್ಯಾಟವೆಂದರೆ ಒಂದೇ ದಿನದ ಗಲಾಟೆ. ಆಡುವವರಿಗಿಂತ ಎತ್ತರದ ಟ್ರೋಫಿ, ಆಟಕ್ಕಿಂತ ಉದ್ದದ ಸಭಾ ಕಾರ್ಯಕ್ರಮ. ಅಲ್ಲಿ ಹಾಗಲ್ಲ. ಪ್ರತಿ ಕ್ಲಬ್ಬೂ ಉಳಿದ ಕ್ಲಬ್‌ಗಳೊಡನೆ ಎರಡು ಸಲ ಆಡುತ್ತದೆ, ಒಮ್ಮೆ ತನ್ನ ಊರಲ್ಲಿ, ಒಮ್ಮೆ ಎದುರಾಳಿಯ ಊರಲ್ಲಿ. ನಾಕ್‌ಔಟ್ ಹಂತದಲ್ಲಿ ಎರಡು ಪಂದ್ಯಗಳ ಗೋಲು ಕೂಡಿಸಿ ಯಾರದ್ದು ಹೆಚ್ಚೋ ಅವರು ಗೆದ್ದಂತೆ. ಇದನ್ನೇ ನಮ್ಮಲ್ಲಿ ಮಾಡುವ ಎಂದು ಬಿ.ಸಿ.ರೋಡಿನ ಹೋಟೆಲೊಂದರಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮಹಿಳಾ ತಂಡದವರನ್ನು ಕೂರಿಸಿ ಹೇಳಿದೆ. ಬೀಡಿ ಕಟ್ಟುವವರು, ಟೀಚರುಗಳು, ಎರಡು ಮಕ್ಕಳ ತಾಯಂದಿರು, ಕಾಲೇಜು ಮುಗಿಸಿ ಮದುವೆಯಾದ ಮೇಲೂ ಆಟ ಬಿಡದವರು. ಒಪ್ಪಿದರು. ಮೂರು ತಂಡಗಳ ಲೀಗ್, ಕೊನೆಗೆ ಮೊದಲೆರಡು ತಂಡಗಳಿಗೆ ಎರಡು ಪಂದ್ಯಗಳ ಫೈನಲ್.

ಆ ಸೀಸನ್ನಿನಲ್ಲಿ ಎಲ್ಲರ ಬಾಯಲ್ಲಿದ್ದವಳು ಮೂಡುಬಿದಿರೆಯ ಗೋಲ್‌ಕೀಪರ್ ಪ್ರತಿಮಾ. ಗೇರುಬೀಜ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ, ಇಪ್ಪತ್ತಾರರ ವಯಸ್ಸು. ಹ್ಯಾಂಡ್‌ಬಾಲ್ ನೋಡದವರಿಗೆ ಹೇಳಬೇಕು: ಗೋಲು ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರ. ಎಸೆಯುವವಳು ಆರು ಮೀಟರ್ ಗೆರೆಯಿಂದ ಹಾರಿ ಬಂದು ಎಸೆಯುತ್ತಾಳೆ. ಚೆಂಡು ಕೈಬಿಟ್ಟ ಮೇಲೆ ನೋಡಿ ಹಿಡಿಯಲು ಪುರುಸೊತ್ತೇ ಇರುವುದಿಲ್ಲ. ಪ್ರತಿಮಾ ಮಾತ್ರ ಎಡಗಡೆಯ ಚೆಂಡಿಗೆ ಅದು ಕೈಬಿಡುವ ಮೊದಲೇ ಕಾಲು ಚಾಚಿರುತ್ತಿದ್ದಳು. ಯುರೋಪಿನ ಕೀಪರುಗಳಲ್ಲೂ ನಾನು ಅದನ್ನು ಕಂಡಿರಲಿಲ್ಲ. ಇದು ದೇವರು ಕೊಟ್ಟದ್ದು ಎಂದು ನಾಲ್ಕು ಜನರೆದುರು ಹೇಳಿದ್ದೇನೆ.

ಮೂಡುಬಿದಿರೆ ಮತ್ತು ಬೆಳ್ತಂಗಡಿ ಫೈನಲಿಗೆ ಬಂದವು. ಮೊದಲ ಪಂದ್ಯ ಮೂಡುಬಿದಿರೆಯಲ್ಲಿ. ಪಕ್ಕದ ಕಾಲೇಜಿನಲ್ಲಿ ಪರೀಕ್ಷೆ ಇದ್ದುದರಿಂದ ಮೈಕ್ ಕಟ್ಟಲು ಬಿಡಲಿಲ್ಲ. ಪ್ರತಿಮಾ ಗೋಡೆಯಾದಳು, ಮೂಡುಬಿದಿರೆ 24–17ರಿಂದ ಗೆದ್ದಿತು. ಏಳು ಗೋಲುಗಳ ಮುನ್ನಡೆ. ಇನ್ನು ಬೆಳ್ತಂಗಡಿಗೆ ಹೋಗಿ ಆರು ಗೋಲಿನಿಂದ ಸೋತರೂ ಕಪ್ ಅವರದ್ದೇ.

ಎರಡನೆಯ ಪಂದ್ಯದ ದಿನ ಬೆಳ್ತಂಗಡಿಯವರು ಮೈದಾನದ ನಾಲ್ಕು ಮೂಲೆಗೂ ಸ್ಪೀಕರ್ ಕಟ್ಟಿದ್ದರು. ಲೀಗ್ ಪಂದ್ಯಗಳಿಗೆ ಆ ಖರ್ಚು ಯಾರೂ ಮಾಡಿರಲಿಲ್ಲ. ಫೈನಲ್ ಎಂದ ಮೇಲೆ ವೀಕ್ಷಕ ವಿವರಣೆ ಇಲ್ಲದೆ ನಮ್ಮವರಿಗೆ ಪಂದ್ಯ ನಡೆದಂತೆಯೇ ಆಗುವುದಿಲ್ಲ. ಕಬಡ್ಡಿಗೆ ಹೆಸರಾದ ಒಬ್ಬರನ್ನು ಕರೆಸಿದ್ದರು. ಆತ ಆಟಕ್ಕೆ ಮೊದಲೇ ಶುರು ಮಾಡಿ ಉಸಿರು ತೆಗೆದುಕೊಳ್ಳದೆ ಮಾತಾಡಿದರು, ಗೋಲಾದಾಗಲೆಲ್ಲ ಹಾಡು ಹಾಕಿಸಿದರು. ನಾನು ಮೇಜಿನಿಂದ ಎದ್ದು ಹೋಗಿ ಸ್ವಲ್ಪ ಸಣ್ಣ ಮಾಡಿ ಎಂದೆ. ಡೆಲಿಗೇಟರನ್ನು ವೇದಿಕೆಗೆ ಸ್ವಾಗತಿಸಿ ಇನ್ನೂ ದೊಡ್ಡದು ಮಾಡಿದರು.

ಆಮೇಲೆ ಕಂಡದ್ದನ್ನು ನನ್ನ ಕಣ್ಣು ನಂಬಲಿಲ್ಲ. ಎಡಗಡೆಯಿಂದ ಬಂದ ಚೆಂಡುಗಳಿಗೆ ಪ್ರತಿಮಾ ಅಲುಗಲೇ ಇಲ್ಲ. ತಡವಾಗಿ ಹಾರುವುದಲ್ಲ, ತಪ್ಪು ಕಡೆಗೆ ಹಾರುವುದಲ್ಲ, ಸುಮ್ಮನೆ ನಿಂತದ್ದು. ಚೆಂಡು ಬಲೆಗೆ ಬಡಿದ ಮೇಲೆ ತಿರುಗಿ ನೋಡುತ್ತಿದ್ದಳು. ಬಲಗಡೆ ಎಂದಿನಂತೆ ಹಿಡಿಯುತ್ತಿದ್ದಳು. ಬೆಳ್ತಂಗಡಿಯವರಿಗೆ ಅಷ್ಟು ಸಾಕಾಯಿತು, ಎಲ್ಲ ಚೆಂಡನ್ನೂ ಎಡಕ್ಕೇ ಎಸೆದರು. ಅರ್ಧದಲ್ಲಿ ತಂಡದವರು ಅವಳನ್ನು ಹೊರಗೆ ಕೂರಿಸಿದರು, ಬದಲಿ ಕೀಪರ್ ಇನ್ನೂ ಕಚ್ಚಾ ಹುಡುಗಿ. ಫಲಿತಾಂಶ 27–18. ಕೂಡಿಸಿದರೆ ಎರಡೇ ಗೋಲಿನಿಂದ ಕಪ್ ಬೆಳ್ತಂಗಡಿಗೆ ಹೋಯಿತು.

ಪ್ರತಿಮಾಳನ್ನು ಬೆಳ್ತಂಗಡಿಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಹರೀಶ ಅಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಅವಳು ಮಾತ್ರ ಹುಟ್ಟಿದೂರಿನ ಕೆಲಸವನ್ನೂ ತಂಡವನ್ನೂ ಬಿಟ್ಟಿರಲಿಲ್ಲ. ಇಷ್ಟು ಗೊತ್ತಿದ್ದರೆ ನಮ್ಮ ಜನರಿಗೆ ಉಳಿದದ್ದನ್ನು ಸೇರಿಸಲು ಎಷ್ಟು ಹೊತ್ತು ಬೇಕು? ಬಸ್ಸು ಹತ್ತುವ ಮೊದಲೇ ಮಾತು ಹುಟ್ಟಿತು. ಗಂಡನ ಊರಿಗೆ ಮ್ಯಾಚ್ ಮಾರಿದಳು. ಹರೀಶನ ಅಂಗಡಿಗೆ ಹೊಸ ಶೋಕೇಸ್ ಎಲ್ಲಿಂದ ಬಂತು ಎಂದು ಒಬ್ಬ, ಅತ್ತೆ ಮನೆಯಲ್ಲಿ ಸಿಹಿ ಹಂಚಿದರಂತೆ ಎಂದು ಇನ್ನೊಬ್ಬ. ಅವಳ ತಂಡದವರೇ ವಾಟ್ಸಾಪ್ ಗುಂಪಿನಿಂದ ಅವಳನ್ನು ತೆಗೆದು ಹಾಕಿದರು. ಮೂಡುಬಿದಿರೆ ಕ್ಲಬ್ಬಿನ ಅಧ್ಯಕ್ಷರು, ಮರದ ಮಿಲ್ಲಿನ ಸದಾನಂದರು, ಆಜೀವ ನಿಷೇಧ ಬೇಕೆಂದು ನನಗೆ ದೂರು ಕೊಟ್ಟರು. ವಿಚಾರಿಸಬೇಕಾದವನು ನಾನು.

ನಿಜ ಹೇಳುತ್ತೇನೆ, ನಾನೂ ಮನಸ್ಸಿನಲ್ಲಿ ಅವಳನ್ನು ತಪ್ಪಿತಸ್ಥೆ ಎಂದೇ ಇಟ್ಟುಕೊಂಡಿದ್ದೆ. ಒಂದು ವಾರದ ಹಿಂದೆ ಚೆಂಡಿಗಿಂತ ಮೊದಲು ಹಾರಿದವಳು ಈಗ ಕಂಬದ ಹಾಗೆ ನಿಂತರೆ ಬೇರೇನು ತಿಳಿಯಬೇಕು? ಎರಡೂ ಪಂದ್ಯಗಳ ವಿಡಿಯೋ ತರಿಸಿ ಅಭ್ಯಾಸದಂತೆ ಧ್ವನಿ ಬಂದ್ ಮಾಡಿ ನೋಡಿದೆ. ಒಂದು ಸಣ್ಣ ವಿಷಯ ಮಾತ್ರ ಕಿರಿಕಿರಿ ಮಾಡಿತು. ಯುರೋಪಿನ ಕೀಪರುಗಳು ಎದೆಯೂ ಮುಖವೂ ಎಸೆಯುವವಳ ಕಡೆಗೇ ನೇರ ಇಟ್ಟು ನಿಲ್ಲುತ್ತಾರೆ. ಪ್ರತಿಮಾ ಎರಡೂ ಪಂದ್ಯಗಳಲ್ಲಿ ಮುಖವನ್ನು ತುಸು ಎಡಕ್ಕೆ ತಿರುಗಿಸಿ ನಿಂತಿದ್ದಳು. ರೂಢಿಯಾಗಿರಬೇಕು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಸರೋಜಾ ನನ್ನ ಮೊಬೈಲಿನಲ್ಲಿ ಏನೋ ಒತ್ತಿದ್ದೇ ಮೊದಲ ಪಂದ್ಯದ ವಿಡಿಯೋ ಧ್ವನಿಯೊಡನೆ ಶುರುವಾಯಿತು. ಒಲೆಯ ಮುಂದೆ ನಿಂತೇ ಅವಳು ಕೇಳಿದಳು, "ಇದು ಯಾರು ಒಂದೇ ಸಮ ದತ್ತ್ ದತ್ತ್ ಅಂತ ಬೊಬ್ಬೆ ಹೊಡೆಯುವುದು?"

ದತ್ತ್ ಎಂದರೆ ತುಳುವಿನಲ್ಲಿ ಎಡ. ಮೊಬೈಲ್ ಕಿತ್ತುಕೊಂಡು ಕೂತೆ. ಬೊಬ್ಬೆ ಹೊಡೆಯುತ್ತಿದ್ದವಳು ಡಿಫೆನ್ಸಿನಲ್ಲಿ ನಿಲ್ಲುವ ಲವೀನಾ, ಪ್ರತಿಮಾಳ ಬಾಲ್ಯದ ಗೆಳತಿ. ಎದುರಾಳಿ ಎಡದಿಂದ ಬಂದಾಗಲೆಲ್ಲ ಅವಳು ದತ್ತ್ ಎನ್ನುತ್ತಿದ್ದಳು, ಎತ್ತರದ ಚೆಂಡಾದರೆ ದತ್ತ್ ಮಿತ್ತ್, ತಗ್ಗಿನದಾದರೆ ದತ್ತ್ ತಿರ್ತ್. ಆ ಮಾತು ಬಿದ್ದ ಕೂಡಲೇ ಪ್ರತಿಮಾ ಹಾರುತ್ತಿದ್ದಳು. ಬಲಗಡೆಯ ಚೆಂಡಿಗೆ ಲವೀನಾ ಒಮ್ಮೆಯೂ ಬಾಯಿ ತೆರೆದಿಲ್ಲ. ಎರಡನೆಯ ಪಂದ್ಯದ ವಿಡಿಯೋಗೂ ಧ್ವನಿ ಕೊಟ್ಟೆ. ವೀಕ್ಷಕ ವಿವರಣೆ ಮತ್ತು ಹಾಡು ಬಿಟ್ಟರೆ ಏನೂ ಕೇಳಲಿಲ್ಲ. ಲವೀನಾಳ ಬಾಯಿ ಮಾತ್ರ ಅಲ್ಲಾಡುತ್ತಿತ್ತು.

ಅಂದೇ ಮಧ್ಯಾಹ್ನ ಮೂಡುಬಿದಿರೆಗೆ ಹೋದೆ. ಕಾರ್ಖಾನೆಯ ಊಟದ ಬಿಡುವಿನಲ್ಲಿ ಪ್ರತಿಮಾ ಗೇಟಿನಿಂದ ಹೊರಗೆ ಬಂದಳು. ನಾನು ಅವಳ ಎಡಕ್ಕೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದೆ. ವರ್ಷಗಳಿಂದ ನನ್ನನ್ನು ಬಲ್ಲ ಹುಡುಗಿ. ನನ್ನನ್ನು ದಾಟಿ ಹೋದಳು. ಹೆಸರು ಹಿಡಿದು ಕರೆದಾಗ ಬೆಚ್ಚಿ ಇಡೀ ಕುತ್ತಿಗೆ ತಿರುಗಿಸಿ ನೋಡಿದಳು. ಇಡೀ ಸೀಸನ್ ನಾನು ದೇವರು ಕೊಟ್ಟದ್ದು ಎಂದು ಹೊಗಳಿದ್ದು ಒಂದು ಕಣ್ಣು ಕಾಣದವಳ ಪರದಾಟವನ್ನು!

ಕೇಳಿದೆ. ಮೊದಲು ಇಲ್ಲ ಎಂದಳು. ಬಲಗಣ್ಣು ಮುಚ್ಚಿ ನನ್ನ ಕೈಯಲ್ಲಿ ಏನುಂಟು ಹೇಳು ಎಂದಾಗ ತಲೆ ತಗ್ಗಿಸಿ ಎಲ್ಲ ಹೇಳಿದಳು. ನಾಲ್ಕು ವರ್ಷದ ಹಿಂದೆ, ಮದುವೆಗೂ ಮೊದಲು, ಅಭ್ಯಾಸದಲ್ಲಿ ಚೆಂಡು ನೇರ ಎಡಗಣ್ಣಿಗೆ ಬಡಿದಿತ್ತು. ಕೆಂಪಾಯಿತು, ಮನೆಯಲ್ಲಿ ನಂದಿಬಟ್ಟಲು ಹೂವಿನ ನೀರು ಬಿಟ್ಟರು, ಕೆಂಪು ಹೋಯಿತು. ಕೆಂಪು ಹೋದ ಮೇಲೆ ದೃಷ್ಟಿ ಸ್ವಲ್ಪ ಸ್ವಲ್ಪವಾಗಿ ಹೋಯಿತು. ಹೇಳಿದರೆ ಆಟ ಬಿಡಿಸುತ್ತಾರೆಂದು ಯಾರಿಗೂ ಹೇಳಲಿಲ್ಲ. ಗೊತ್ತಿದ್ದವಳು ಲವೀನಾ ಒಬ್ಬಳೇ. ಅವಳ ಹತ್ತಿರ ಶಿಲುಬೆ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದಳು.

ಈಗ ಹೇಳಬಹುದಲ್ಲ, ಕಳಂಕ ಹೋಗುತ್ತದೆ ಎಂದೆ. ಅವಳು ಕೊಟ್ಟ ಉತ್ತರಕ್ಕೆ ನಾನು ತಯಾರಿರಲಿಲ್ಲ.

"ಮ್ಯಾಚ್ ಮಾರಿದ್ದೇನೆ ಅಂತಲೇ ಬರೀರಿ ಸರ್. ಆಜೀವ ಅಂತ ಕೇಳಿದ್ರೂ ಎರಡು ವರ್ಷ ಕೊಡ್ತೀರಿ, ಮತ್ತೆ ಬಂದು ಆಡ್ತೇನೆ. ಕಣ್ಣಿಲ್ಲ ಅಂತ ಗೊತ್ತಾದ್ರೆ ಯಾವತ್ತೂ ಸೇರಿಸುವುದಿಲ್ಲ."

ಅಷ್ಟು ವರ್ಷಗಳ ಕೆಲಸದಲ್ಲಿ ಸುಳ್ಳು ವಯಸ್ಸು ಬರೆಸಿದವರನ್ನು, ಬೇರೆಯವರ ಹೆಸರಿನಲ್ಲಿ ಓಡಿದವರನ್ನು ಕಂಡಿದ್ದೇನೆ. ಎಲ್ಲರೂ ತಪ್ಪು ಮಾಡಿ ಒಳ್ಳೆಯ ಹೆಸರು ಕೇಳಿದವರು. ಮಾಡದ ತಪ್ಪನ್ನು ಹೊತ್ತುಕೊಳ್ಳುತ್ತೇನೆ ಎಂದವಳು ಇವಳೊಬ್ಬಳೇ. ಗೇಟಿನ ಹತ್ತಿರದ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಗಂಡನ ಮೇಲೂ ಮಾತು ಬಂದಿದೆಯಲ್ಲ ಎಂದೆ. ಆಗ ಮಾತ್ರ ಅವಳ ಮುಖ ಸಣ್ಣದಾಯಿತು.

ಅವಳನ್ನು ಒಪ್ಪಿಸಿ, ಹರೀಶನನ್ನೂ ಕರೆಸಿ, ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಎಡಗಣ್ಣಿನ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪದರ, ಕಳಚಿ ವರ್ಷಗಳಾಗಿವೆ, ಇನ್ನು ಬರುವುದಿಲ್ಲ ಎಂದರು. ಮೊದಲ ವಾರವೇ ಬಂದಿದ್ದರೆ ಪ್ರಯತ್ನಿಸಬಹುದಿತ್ತು. ಈಗ ಬಲಗಣ್ಣಿಗೆ ಇಂಥದ್ದೇ ಒಂದು ಪೆಟ್ಟು ಬಿದ್ದರೆ ಪೂರ್ತಿ ಕತ್ತಲೆ. ಇವರು ಮಾಡುವ ಕೆಲಸ ಏನು ಎಂದು ಡಾಕ್ಟರು ಕೇಳಿದರು. ಚೆಂಡಿನ ಎದುರು ನಿಲ್ಲುವುದು ಎಂದಾಗ ಅವರು ಪೆನ್ನು ಕೆಳಗಿಟ್ಟು ನಮ್ಮ ಮೂವರನ್ನೂ ನೋಡಿದರು.

ಹರೀಶ ಹೊರಗಿನ ಬೆಂಚಿನಲ್ಲಿ ಕುಳಿತ. ಮದುವೆಯಾಗಿ ಎರಡು ವರ್ಷ. ಅವಳ ಹತ್ತಿರ ಒಂದೇ ಮಾತು ಕೇಳಿದ. "ನಾನು ಆ ಕಡೆಯಿಂದ ಬಂದ್ರೆ ನೀನು ಬೆಚ್ಚಿ ಬೀಳುವುದು ಇದಕ್ಕಾ?"

ವರದಿ ಬರೆಯುವ ದಿನ ಅವಳು ಮತ್ತೆ ಫೋನ್ ಮಾಡಿದಳು, ಕಣ್ಣಿನ ವಿಷಯ ಬೇಡ ಎಂದು. ನಾನು ಬರೆದೆ. ಅವಳ ಒಪ್ಪಿಗೆ ಇಲ್ಲದೆ ಬರೆದೆ, ಇನ್ನು ಅವಳನ್ನು ಆಡಿಸಬಾರದು ಎಂದೂ ಬರೆದೆ. ಉಳಿದಿರುವ ಒಂದು ಕಣ್ಣಿನೊಡನೆ ಅವಳನ್ನು ಮತ್ತೆ ಆ ಗೋಲಿನಲ್ಲಿ ನಿಲ್ಲಿಸುವ ಧೈರ್ಯ ನನಗಿರಲಿಲ್ಲ. ಇವತ್ತು ಕೇಳಿದರೂ ಹಾಗೆಯೇ ಬರೆಯುತ್ತೇನೆ.

ಬಿ.ಸಿ.ರೋಡಿನ ಅದೇ ಹೋಟೆಲಿನಲ್ಲಿ ಸಭೆ. ಪ್ರತಿಮಾ ಹಿಂದಿನ ಸಾಲಿನಲ್ಲಿ ಗೋಡೆಗೆ ಎಡಭುಜ ಒತ್ತಿ ಕುಳಿತಿದ್ದಳು. ಆ ಕಡೆಯಿಂದ ಯಾರೂ ಬರಬಾರದಲ್ಲ. ನಾನು ಓದಿ ಮುಗಿಸಿದಾಗ ಯಾರೂ ಚಹಾದ ಲೋಟ ಮುಟ್ಟಲಿಲ್ಲ. ಲವೀನಾ ಮುಖ ಮುಚ್ಚಿಕೊಂಡು ಅತ್ತಳು. ಬೆಳ್ತಂಗಡಿಯ ಕ್ಯಾಪ್ಟನ್ ಬಿಳುಚಿಕೊಂಡಿದ್ದಳು. ಅಷ್ಟೂ ಚೆಂಡನ್ನು ಎಡಕ್ಕೇ ಎಸೆಯಿರಿ ಎಂದು ಹೇಳಿಕೊಟ್ಟವಳು ತಾನು, ಒಂದು ತಪ್ಪಿ ಮುಖಕ್ಕೆ ಹೋಗಿದ್ದರೆ ಎಂದು ಅಷ್ಟೇ ಹೇಳಿ ಕುಳಿತಳು. ಆಜೀವ ನಿಷೇಧ ಕೇಳಿದ್ದ ಸದಾನಂದರು ಎದ್ದು ಪ್ರತಿಮಾಳ ಎದುರು ಕೈಮುಗಿದು, ತಪ್ಪಾಯಿತು ಮಗಳೇ ಎಂದರು. ಕ್ಲಬ್ಬಿನಲ್ಲಿ ಸನ್ಮಾನ ಮಾಡುವ ಎಂದೂ ಸೇರಿಸಿದರು. ಒಂದು ವಾರ ಅವಳನ್ನು ಕಳ್ಳಿ ಎಂದ ಬಾಯಿಗಳೇ ಧೀರೆ ಎಂದು ಶುರು ಮಾಡಿದವು. ನನಗೆ ಎರಡೂ ಒಂದೇ ಹಾಗೆ ಕೇಳಿಸಿ ಮೈ ಉರಿಯಿತು.

ಅವರು ಕೇಳಿದ್ದ ಆಜೀವ ನಿಷೇಧವನ್ನೇ ನಾನು ಕೊಟ್ಟಿದ್ದೆ, ಬೇರೆ ಕಾರಣ ಬರೆದು. ಇದು ನನಗೆ ಹೊಳೆದದ್ದು ಸಭೆ ಮುಗಿದ ಮೇಲೆ, ಪ್ರತಿಮಾ ಬಂದು ನನ್ನೆದುರು ನಿಂತಾಗ. ಎಷ್ಟೋ ವರ್ಷ ಮಕ್ಕಳಿಗೆ ಆಟದಲ್ಲಿ ಹೆಸರು ಮುಖ್ಯ, ಕಪ್ ಅಲ್ಲ ಎಂದು ಪಾಠ ಹೇಳಿದವನು ನಾನು. ಹೆಸರಿಗಿಂತ, ಕಪ್ಪಿಗಿಂತ ಬರೀ ಆಟವೇ ದೊಡ್ಡದಾದವರು ಗೇರುಬೀಜ ಕಾರ್ಖಾನೆಯಲ್ಲೂ ಇರುತ್ತಾರೆಂದು ಆ ಕೆಲಸ ನನಗೆ ಕಲಿಸಿತು. ತೀರ್ಮಾನ ಸರಿಯಾಗಿದ್ದರೂ ಅದರ ಪೆಟ್ಟು ಯಾರಿಗೋ ಬೀಳುತ್ತದೆ, ತೀರ್ಮಾನ ಕೊಟ್ಟವನು ಅವರ ಮುಖ ನೋಡದೆ ಎದ್ದು ಹೋಗಬಾರದು ಎಂದೂ ಕಲಿಸಿತು. ನಾನು ನೋಡಿದೆ. ಅವಳು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ.

"ನನ್ನ ಹೆಸರು ಉಳೀತು ಸರ್," ಎಂದಳು. "ನಾನು ನಿಮ್ಮ ಹತ್ರ ಕೇಳಿದ್ದು ಅದನ್ನಲ್ಲ."